ಅಂಕೋರ್ ಮತ್ತು ಕೊಹ್ ರಾಂಗ್, ಇಲ್ಲ ಡೆಲೋಸ್ ಮತ್ತು ನಾಕ್ಸೋಸ್?

ಹಳೇ ಕಲ್ಲೂ ಬೇಕು, ದ್ವೀಪದ ಕಡಲೂ ಬೇಕು ಅನ್ನುವವರಿಗೆ ಈ ಎರಡೂ ಜೋಡಿ ಚೆನ್ನ: ಕಾಂಬೋಡಿಯಾದ ಅಂಕೋರ್ ದೇವಾಲಯಗಳು ಮತ್ತು ಕೊಹ್ ರಾಂಗ್ ದ್ವೀಪ, ಇಲ್ಲವೇ ಗ್ರೀಸ್‌ನ ಡೆಲೋಸ್ ದ್ವೀಪದ ಅವಶೇಷಗಳು ಮತ್ತು ನಾಕ್ಸೋಸ್ ದ್ವೀಪ. ಆದರೆ ಸ್ವಭಾವ ಬೇರೆ ಬೇರೆ.

ಅವಶೇಷಗಳೇ ಮುಖ್ಯ ಅಂದ್ರೆ ಕಾಂಬೋಡಿಯಾಕ್ಕೆ ಹೋಗಿ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ಅಂಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಂಥನದ ಕೆತ್ತನೆ ಇದೆ. ಉದ್ದ ಸುಮಾರು 49 ಮೀಟರ್. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು. ಕೆಳಗೆ ನೀರಲ್ಲಿ ಮೀನು, ಮೊಸಳೆಗಳು ಮಂಥನದ ರಭಸಕ್ಕೆ ತುಂಡಾಗಿ ಚೆಲ್ಲಾಡಿವೆ. ಅದರ ಮುಂದೆ ಅವಸರ ಮಾಡಬೇಡಿ. ಅಂಕೋರ್ ನೋಡಲು ಒಂದೇ ದಿನದ ಪ್ರವೇಶ ಪಾಸ್ ಸಾಲದು, ಮೂರು ದಿನದ್ದೇ ತಗೊಳ್ಳಿ. ತೊಂದರೆ ಇರೋದು ದೂರದಲ್ಲಿ. ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಿಂದ ದೇಶದ ಇನ್ನೊಂದು ತುದಿಯ ಸಿಹಾನೂಕ್‌ವಿಲ್‌ಗೆ ಹೋಗಿ, ಅಲ್ಲಿಂದ ದೋಣಿ ಹತ್ತಬೇಕು. ಪ್ರಯಾಣಕ್ಕೇ ಒಂದು ದಿನ ಎತ್ತಿಡಿ. ಕೊಹ್ ರಾಂಗ್‌ನ ಬಿಳಿ ಮರಳು ಆ ದಣಿವನ್ನು ಕಳೆಯುತ್ತೆ.

ಗ್ರೀಸ್‌ನಲ್ಲಿ ಈ ಓಡಾಟ ಕಡಿಮೆ. ನಾಕ್ಸೋಸ್‌ನಲ್ಲಿ ಉಳಿದು ಈಜಬಹುದು, ಬೇಸಿಗೆಯಲ್ಲಿ ಡೆಲೋಸ್‌ಗೆ ದಿನದ ದೋಣಿ ಪ್ರವಾಸ ಮಾಡಬಹುದು. ಗ್ರೀಕ್ ದೇವರು ಅಪೊಲೊ ಹುಟ್ಟಿದ ಜಾಗವೆಂದು ನಂಬಿದ ಡೆಲೋಸ್‌ನಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ನೆರಳೂ ಇಲ್ಲ, ಟೋಪಿ ನೀರು ಮರೀಬೇಡಿ. ಜುಲೈ, ಆಗಸ್ಟ್‌ನಲ್ಲಿ ಬೀಸುವ ಮೆಲ್ಟೆಮಿ ಗಾಳಿಗೆ ದೋಣಿಗಳು ನಿಲ್ಲುವುದೂ ಉಂಟು. ಜೂನ್ ಅಥವಾ ಸೆಪ್ಟೆಂಬರ್ ವಾಸಿ. ಖರ್ಚಂತೂ ಇಲ್ಲೇ ಜಾಸ್ತಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಜೆ ಸಿಕ್ಕರೆ ಯೋಚನೆಯೇ ಬೇಡ, ಕಾಂಬೋಡಿಯಾ. ಪುಟ್ಟ ಮಕ್ಕಳು ಜೊತೆಗಿದ್ದರೆ ನನ್ನ ಓಟು ನಾಕ್ಸೋಸ್‌ಗೆ. ಅಲ್ಲಿನ ಆಗಿಯೋಸ್ ಜಾರ್ಜಿಯೋಸ್ ಬೀಚಿನಲ್ಲಿ ನೀರು ಆಳವಿಲ್ಲ, ಊರಿಂದ ನಡೆದೇ ಹೋಗಬಹುದು.