ಮ್ಯಾಥ್ ಸೆಂಟರ್ ಪಾಠಕ್ಕೆ ಫುಲ್ ಮಾರ್ಕ್ಸ್, ಬಾಗಿಲಿಗೆ ಇಲ್ಲ (5ಕ್ಕೆ 3 ಸ್ಟಾರ್)

ನ್ಯೂಜೆರ್ಸಿಲಿ ನಮ್ಮನೆ ಹತ್ರ ಇರೋ ಮ್ಯಾಥ್ ಟ್ಯೂಷನ್ ಸೆಂಟರ್‌ಗೆ ಮಗಳನ್ನ ಒಂದು ವರ್ಷದಿಂದ ಕಳಿಸ್ತಿದೀನಿ, ಈಗ ಫೋರ್ತ್ ಗ್ರೇಡು. ಸೆಂಟರ್ ಹೆಸರು ಬೇಡ ಬಿಡಿ.

ಪಾಠ ನಿಜವಾಗ್ಲೂ ಚೆನ್ನಾಗಿದೆ. ಸೇರಿಸಿದಾಗ ಇವಳು 1/3ಕ್ಕಿಂತ 1/4 ದೊಡ್ಡದು ಅಂತಿದ್ಲು, ಮೂರಕ್ಕಿಂತ ನಾಲ್ಕು ಜಾಸ್ತಿ ಅಲ್ವಾ ಅಮ್ಮ ಅಂತ. ಅಲ್ಲಿನ ಟೀಚರ್ ಬೈಲಿಲ್ಲ, ಒಂದೇ ಉದ್ದದ ಎರಡು ಪೇಪರ್ ಪಟ್ಟಿ ಕೊಟ್ಟು ಒಂದನ್ನ ಮೂರು ಭಾಗ ಇನ್ನೊಂದನ್ನ ನಾಲ್ಕು ಭಾಗ ಮಡಿಸೋಕೆ ಹೇಳಿ ಪಕ್ಕಪಕ್ಕ ಇಡಿಸಿದ್ರು ಅಷ್ಟೇ, ಆಮೇಲೆ ಆ ತಪ್ಪು ಮತ್ತೆ ಮಾಡಿಲ್ಲ. ವಾರಕ್ಕೆ ಎರಡು ಕ್ಲಾಸು, ಮನೆಗೆ ದಿನಾ ವರ್ಕ್‌ಶೀಟು.

ಫೀಸು ತಿಂಗಳಿಗೆ 180 ಡಾಲರ್. ಎರಡು ಸ್ಟಾರ್ ಕಟ್ ಮಾಡಿದ್ದು ಇಲ್ಲೇ. ಮಗಳ ಕ್ಲಾಸ್‌ಮೇಟ್ ಹುಡುಗನ ತಾಯಿ, ಬ್ಲ್ಯಾಕ್ ಫ್ಯಾಮಿಲಿ, ನಾನೇ ಹೇಳಿ ಟ್ರಯಲ್ ಕ್ಲಾಸ್‌ಗೆ ಕರ್ಕೊಂಡ್ ಹೋಗಿದ್ದೆ. ಹುಡುಗ ಖುಷಿಯಾಗಿ ಹೊರಗ್ ಬಂದ, ಅವರ ಇಬ್ಬರು ಮಕ್ಕಳಿಗೆ 360 ಅಂತ ನೋಡಿ ಅವರು ಆ ಫೀಸಿನ ಪೇಪರ್ ಮಡಿಸಿ ಬ್ಯಾಗ್‌ಗೆ ಹಾಕ್ಕೊಂಡ್ರು, ಮತ್ತೆ ಬರ್ಲಿಲ್ಲ. ಕನ್ಸೆಷನ್ ಇದೆಯಾ ಅಂತ ಕೇಳಿದ್ರೆ ಇಲ್ಲ ಅಂದ ಮ್ಯಾನೇಜರ್, ಮೇಲಿಂದ ನನ್ ಹತ್ರ ನಿಮ್ ಇಂಡಿಯನ್ ಮಕ್ಕಳಿಗೆ ಲೆಕ್ಕ ಹುಟ್ಟಿನಿಂದಾನೇ ಬರುತ್ತೆ ಅಂದ್ರು. ನಂಗೆ ತುಂಬಾ ಬೇಜಾರಾಯ್ತು. ಹುಟ್ಟಿನಿಂದ ಬರೋ ಹಾಗಿದ್ರೆ ಆ ಪೇಪರ್ ಪಟ್ಟಿ ಯಾಕೆ ಬೇಕಿತ್ತು?

ಇಲ್ಲಿ ದೇಶಾದ್ಯಂತ ನಡೆಯೋ ನೇಪ್ ಪರೀಕ್ಷೆಲಿ ಫೋರ್ತ್ ಗ್ರೇಡ್ ಮ್ಯಾಥ್‌ಗೆ 500ರ ಸ್ಕೇಲು, ಬಿಳಿ ಮತ್ತು ಕಪ್ಪು ಮಕ್ಕಳ ಸರಾಸರಿ ಮಧ್ಯೆ 1990ರಲ್ಲಿ 32 ಪಾಯಿಂಟ್ ಅಂತರ ಇತ್ತು, 2019ಕ್ಕೆ 25ಕ್ಕೆ ಇಳಿದಿತ್ತು, ಕೋವಿಡ್ ಆದ್ಮೇಲೆ 2022ರಲ್ಲಿ ಮತ್ತೆ 29ಕ್ಕೆ ಏರ್ತು. ಮೂರೇ ವರ್ಷದಲ್ಲಿ ಯಾವ ಮಕ್ಕಳ ತಲೆನೂ ಬದಲಾಗಿರಲ್ಲ, ಸ್ಕೂಲ್ ಮುಚ್ಚಿದಾಗ ಮನೇಲಿ ಕೂತು ಹೇಳ್ಕೊಡೋರು ಯಾರಿಗಿದ್ರು ಯಾರಿಗಿರ್ಲಿಲ್ಲ ಅನ್ನೋದು ಅದ್ರಲ್ಲಿ ಸೇರಿದೆ ಅಂತ ನಂಗನ್ಸುತ್ತೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಪ್ರೊಫೆಸರ್ ಶಾನ್ ರಿಯರ್ಡನ್ ಅವರ ತಂಡ ತೋರಿಸಿದ್ದೂ ಇದರ ಹತ್ರದ್ದೇ, ಕಪ್ಪು ಮಕ್ಕಳು ಬಡತನ ಹೆಚ್ಚಿರೋ ಸ್ಕೂಲುಗಳಲ್ಲೇ ಸೇರ್ಕೊಂಡಿರೋ ಕಡೆ ಈ ಅಂತರ ಜಾಸ್ತಿ.

ಇನ್ನು ನಮ್ ಮಕ್ಕಳು ಇಂಥ ರಿಸಲ್ಟ್‌ಗಳ "ಏಷ್ಯನ್" ಕಾಲಂನಲ್ಲಿ ಮೇಲಿದಾರೆ ಅಂತ ವೀಕೆಂಡ್ ಪಾರ್ಟಿಗಳಲ್ಲಿ ಹೆಮ್ಮೆ ಪಡ್ತೀವಲ್ಲ, ನಮ್ಮಲ್ಲಿ ಎಷ್ಟೋ ಜನ ಇಂಜಿನಿಯರಿಂಗ್ ಓದಿ ವೀಸಾ ಸಿಕ್ಕಿ ಬಂದೋರು, ಆರಿಸಿ ಕಳಿಸಿದ ಹಾಗೆ. ಅದೇ ಕಾಲಂನಲ್ಲಿ ಆಗ್ನೇಯ ಏಷ್ಯಾದಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಅನ್ನೋ ಸಮುದಾಯದ ಕುಟುಂಬಗಳ ಮಕ್ಕಳೂ ಇದಾರೆ, ಸರಾಸರಿ ಒಳಗೆ ಅವರ ಕಷ್ಟ ಕಾಣೋದೇ ಇಲ್ಲ.

ಸೇರಿಸೋರು ಖಂಡಿತ ಸೇರಿಸಿ, ಟ್ರಯಲ್ ಫ್ರೀ, ಸಂಜೆ ಆರರ ಬ್ಯಾಚಲ್ಲಿ ರಶ್ ಕಡಿಮೆ. ಸೆಂಟರ್‌ನೋರು ಓದ್ತಿದ್ರೆ ಒಂದು ಮಾತು, ಬ್ಯಾಚಿಗೆ ಎರಡು ಸೀಟು ಆದಾಯ ನೋಡಿ ಫೀಸ್ ತಗೊಳೋ ಹಾಗೆ ಇಡಿ, ಆ ಹುಡುಗನ ತಾಯಿಗೆ ನಾನೇ ಫೋನ್ ಮಾಡ್ತೀನಿ, ಉಳಿದ ಎರಡು ಸ್ಟಾರೂ ಅವತ್ತೇ ಹಾಕ್ತೀನಿ.