ಅಪ್ಪನಿಗೊಂದು ಫ್ಲಿಪ್ ಫೋನ್ ತರೋಕೆ ಹೋಗಿ ಎರಡು ಸಲ ದುಡ್ಡು ಕೊಟ್ಟೆ

ಮೊದಲೇ ಹೇಳ್ಬಿಡ್ತೀನಿ, ನಮ್ಮನೇಲಿ ಉಳ್ಕೊಂಡಿದ್ದು ನೋಕಿಯಾ 2660 ಫ್ಲಿಪ್. 2022ರಲ್ಲಿ ಬಂದಾಗ 4,699 ಇತ್ತು, ನಾನು ತಗೊಂಡಾಗ್ಲೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೂ ಮುಂಚೆ ಎರಡು ಸಾವಿರ ಉಳೀತು ಅಂತ ಇನ್ನೊಂದು ಫ್ಲಿಪ್ ತಂದಿದ್ದೆ, ಅದರ ಹೆಸರು ಬೇಡ ಬಿಡಿ, ನೋಡೋಕೆ ಮಾತ್ರ ಇದಕ್ಕಿಂತ ಅದೇ ಚೆಂದ.

ಫ್ಲಿಪ್ಪೇ ಯಾಕೆ ಅಂದ್ರೆ ಅಪ್ಪ ಇರೋದು ತೀರ್ಥಹಳ್ಳಿ ಕಡೆ ತೋಟದಲ್ಲಿ. ಅಡಿಕೆ ಸುಲಿದು ಚೊಗರು ಹತ್ತಿದ ಕೈಗೆ ಟಚ್ ಸ್ಕ್ರೀನ್ ಬಗ್ಗಲ್ಲ, ಮಾಮೂಲಿ ಕೀಪ್ಯಾಡ್ ಸೆಟ್ ಕೊಟ್ರೆ ಅಂಗಿ ಜೇಬಲ್ಲಿ ತಂತಾನೇ ಒತ್ಕೊಂಡು ರಾತ್ರಿ ಹತ್ತಕ್ಕೆ ಯಾರ್ಯಾರಿಗೋ ಕಾಲ್ ಹೋಗತ್ತೆ. ಮುಚ್ಚಿಡೋ ಫೋನಾದ್ರೆ ಆ ರಗಳೆ ಇಲ್ಲ.

ಮೊದಲನೇದಕ್ಕೆ ಹೊರಗಡೆ ಸ್ಕ್ರೀನ್ ಇರ್ಲಿಲ್ಲ. ಅಂಗಡೀಲಿ ನಿಂತಾಗ ಅದೂ ಒಂದು ವಿಷಯಾನಾ ಅನ್ಸಿತ್ತು. ಊರಿಗೆ ಕೊಟ್ಟು ಬಂದ್ಮೇಲೆ ಗೊತ್ತಾಯ್ತು. ಫೋನ್ ಹೊಡ್ಕೊಳ್ತಿದೆ, ಯಾರದ್ದು ಅಂತ ನೋಡ್ಬೇಕಂದ್ರೆ ತೆರೀಬೇಕು, ತೆರೆದ್ರೆ ಕಾಲ್ ತಗೊಂಡೇ ಬಿಡತ್ತೆ. ಅಂದ್ರೆ ಯಾರು ಅಂತ ಗೊತ್ತಾಗೋ ಹೊತ್ತಿಗೆ ಆ ಕಡೆಯವರು ಆಗ್ಲೇ ಲೈನಲ್ಲಿ ಇರ್ತಾರೆ. ಲೋನ್ ಬೇಕಾ ಸರ್ ಅನ್ನೋರು ದಿನಕ್ಕೆ ನಾಲ್ಕು ಸಲ ಹಿಂಗೇ ಒಳಗೆ ಬಂದ್ರು. ಅದಾದ್ರೂ ಹೋಗ್ಲಿ. ಮಾವ ಬೇಲಿ ವಿಚಾರಕ್ಕೆ ಎರಡು ದಿನದಿಂದ ಫೋನ್ ಮಾಡ್ತಿದ್ದ, ಅಪ್ಪ ತಪ್ಪಿಸ್ಕೊಳ್ತಾ ಇದ್ದ. ಊಟಕ್ಕೆ ಕೂತಾಗ ಮತ್ತೆ ಬಂತು. ಎಡಗೈಲಿ ತೆರೆದು ಹೆಸರು ನೋಡಿ ಅಮ್ಮನಿಗೆ "ಬಂತು ನೋಡು ನಿನ್ನಣ್ಣಂದು, ಉಣ್ಣೋಕೂ ಬಿಡಲ್ಲ ಮಾರಾಯ್ತಿ" ಅಂದಿದ್ದಾನೆ. ಫೋನೊಳಗಿಂದ ಸಣ್ಣಗೆ ಕೇಳ್ಸಿದೆ: "ಉಣ್ಣಿ ಭಾವ, ಆಮೇಲೆ ಮಾಡ್ತೀನಿ."

ಸರಿ ಅಂತ ಮುಂದಿನ ಸಲ ಊರಿಗೆ ಹೋದಾಗ ತೆರೆದ ತಕ್ಷಣ ಕಾಲ್ ತಗೊಳ್ಳೋದನ್ನ ಸೆಟ್ಟಿಂಗಲ್ಲಿ ಆಫ್ ಮಾಡಿದೆ, ಇನ್ಮೇಲೆ ತೆರೆದು ಹೆಸರು ನೋಡು, ಬೇಕಾದ್ರೆ ಹಸಿರು ಬಟನ್ ಒತ್ತು ಅಂತ ಹತ್ತು ಸಲ ಹೇಳಿಕೊಟ್ಟೆ. ಅಪ್ಪ ಹೂಂ ಹೂಂ ಅಂದ. ಆಮೇಲೆ ತೆರೆಯೋದು, ಕಿವಿಗಿಟ್ಕೊಳ್ಳೋದು, ಹಲೋ ಹಲೋ ಅನ್ನೋದು, ಅದಿನ್ನೂ ಕಿವೀಲೇ ಗಂಟೆ ಬಾರಿಸ್ತಿರೋದು. ಗಾಬರೀಲಿ ಬಟನ್ ಹುಡುಕಿದ್ರೆ ಕೀಗಳೆಲ್ಲ ಒಂದೇ ಮಟ್ಟಕ್ಕೆ ನುಣ್ಣಗೆ, ಮುಟ್ಟಿದ್ರೆ ಹಸಿರು ಯಾವುದು ಕೆಂಪು ಯಾವುದು ಗೊತ್ತಾಗಲ್ಲ, ಸಂಜೆ ಹೊತ್ತಂತೂ ಕೇಳ್ಬೇಡಿ. ನಾನು ಮಾಡಿದ ಕಾಲೆಲ್ಲ ಕಟ್. "ಎಂತ ಫೋನು ಮಾರಾಯ ಇದು, ಬಾಗ್ಲು ತೆಗೆದ್ರೂ ಒಳಗೆ ಬರಲ್ಲ" ಅಂದ.

2660ಕ್ಕೆ ಹೊರಗಡೆ 1.77 ಇಂಚಿನ ಸಣ್ಣ ಸ್ಕ್ರೀನ್ ಇದೆ, ಹೆಸರು ಅಲ್ಲೇ ಬರತ್ತೆ. ಬೇಕಾದ್ರೆ ತೆರೆದು ಮಾತಾಡೋದು, ಬೇಡಾಂದ್ರೆ ಹೊಡ್ಕೊಳ್ಳಲಿ ಅಂತ ಬಿಡೋದು. ಎರಡು ಸಾವಿರ ಜಾಸ್ತಿ ಕೊಟ್ಟಿದ್ದು ಇದೊಂದಕ್ಕೇ ಅಂದ್ಕೊಳ್ಳಿ. ಕೀಗಳೂ ದೊಡ್ಡವು, ಕೈಗೆ ಸಿಗತ್ವೆ. ಮಂಡಿಯವರ ಹತ್ರ ರೇಟಿಗೆ ಜಗಳ ಆಡಿ ಟಪ್ ಅಂತ ಮುಚ್ಚಿದ್ರೆ ಕಾಲ್ ಕಟ್, ಆ ಸದ್ದು ಅಪ್ಪನಿಗೆ ಭಾರಿ ಇಷ್ಟ.

ಪಕ್ಕದಲ್ಲಿ ಎಮರ್ಜೆನ್ಸಿ ಬಟನ್ ಬೇರೆ ಇದೆ, ಐದು ನಂಬರ್ ಹಾಕಿಡಬಹುದು. ಇಲ್ಲಿ ಮಾರೋ ಕೀಪ್ಯಾಡ್ ಫೋನಲ್ಲೆಲ್ಲ 5 ಅಥವಾ 9 ಒತ್ತಿ ಹಿಡಿದ್ರೆ ಎಮರ್ಜೆನ್ಸಿ ಕಾಲ್ ಹೋಗ್ಬೇಕು ಅಂತ 2017ರಿಂದ ರೂಲ್ಸೇ ಇದೆ, ಆದ್ರೆ ತೋಟದಲ್ಲಿ ಜಾರಿ ಬಿದ್ದೋರಿಗೆ ಅದೆಲ್ಲಿ ನೆನಪಾಗತ್ತೆ.

ಸಿಮ್ ವಿಚಾರ: ಮೊದಲನೇದು ಬರೀ 2ಜಿ, ಅಮ್ಮನ ಜಿಯೋ ಸಿಮ್ ಅದಕ್ಕೆ ಹಾಕೋ ಹಂಗೇ ಇಲ್ಲ, ಜಿಯೋದಲ್ಲಿ 2ಜಿ ಇಲ್ವಲ್ಲ. 2660 4ಜಿ.

ಚಾರ್ಜಿಂಗ್ ಪಿನ್ನಲ್ಲಿ ಮಾತ್ರ ಮೊದಲನೇದೇ ಮೇಲು, ಟೈಪ್ ಸಿ. 2660ದ್ದು ಹಳೇ ಮೈಕ್ರೋ ಯುಎಸ್‌ಬಿ, ನಮ್ಮನೇಲಿ ಹಳೇ ಚಾರ್ಜರ್ ನಾಲ್ಕಿರೋದಕ್ಕೆ ನಡೀತು. ಬ್ಯಾಟರಿ ಮೂರು ದಿನ ಬರತ್ತೆ. ವಾಟ್ಸಾಪ್ ಎರಡರಲ್ಲೂ ಇಲ್ಲ. ದುಡ್ಡು ಕಳ್ಸೋಕೆ ಯುಪಿಐ 123ಪೇ ಅಂತಿದೆ, ಕೀಪ್ಯಾಡ್ ಫೋನಲ್ಲೂ ಆಗತ್ತೆ ಅಂದೆ, ಅಪ್ಪ ಸೊಸೈಟಿ ಪಾಸ್‌ಬುಕ್ ಬಿಟ್ಟು ಬೇರೇನೂ ನಂಬಲ್ಲ.

ನೀವು ಬರೀ ಸ್ಟೈಲಿಗೆ ಅಥವಾ ಎರಡನೇ ಫೋನ್ ಅಂತ ತಗೊಳ್ಳೋರಾದ್ರೆ ಕಮ್ಮೀದೇ ಸಾಕು. ನಮ್ಮ ಕಮ್ಮೀದು ಈಗ ಪಂಪ್‌ಸೆಟ್ ಮನೇಲಿ ಮೊಳೆಗೆ ನೇತಾಡ್ತಿದೆ, ಸಿಮ್ ಇಲ್ದೆ, ರೇಡಿಯೋ ಆಗಿ. ಭದ್ರಾವತಿ ಆಕಾಶವಾಣಿ ಹಿಡಿದ್ರೆ ಹಿಡೀತು, ಇಲ್ಲಾಂದ್ರೆ ಇಲ್ಲ.