ಶಿವಮೊಗ್ಗದಲ್ಲಿ ನನ್ ಸಿಸೇರಿಯನ್: ಓಟಿಗೆ (ಆಪರೇಷನ್ ಥಿಯೇಟರಿಗೆ) ಫುಲ್ ಮಾರ್ಕ್ಸ್, ರಾತ್ರಿ ವಾರ್ಡಿಗೆ ಸೊನ್ನೆ

ಶಿವಮೊಗ್ಗದ ಒಂದು ಪ್ರೈವೇಟ್ ನರ್ಸಿಂಗ್ ಹೋಮು, ಹೆಸರು ಬೇಡ ಬಿಡಿ. ನಮ್ದು ತೀರ್ಥಹಳ್ಳಿ ಕಡೆ. ಮಗು ಕಾಲು ಕೆಳಗೆ ಮಾಡ್ಕೊಂಡು ಕೂತಿತ್ತು, ತಿರುಗ್ಲೇ ಇಲ್ಲ, ಹಂಗಾಗಿ 39ನೇ ವಾರಕ್ಕೆ ಡೇಟ್ ಕೊಟ್ಟಿದ್ರು.

ಸೊಂಟದ ಕೆಳಗೆ ಮರಗಟ್ಸೋಕೆ ಬೆನ್ನಿಗೆ ಸೂಜಿ ಹಾಕಿಸ್ಕೊಂಡ್ರೆ ಜನ್ಮ ಇಡೀ ಸೊಂಟ ನೋವು ಅಂತ ಅತ್ತೆ ಹೆದರ್ಸಿ ಇಟ್ಟಿದ್ರು. ಅನಸ್ತೇಶಿಯಾ ಡಾಕ್ಟ್ರು ಹಿಂದಿನ ದಿನಾನೇ ಬಂದು ಕೂತು ಹೇಳಿದ್ರು, ಚುಚ್ಚಿದ್ ಜಾಗ ಒಂದೆರಡು ದಿನ ನೋಯ್ಬೋದು, ವರ್ಷಗಟ್ಲೆ ಕಾಡೋ ನೋವು ಇದ್ರಿಂದ ಬರಲ್ಲ, ಬಗ್ಗಿ ಕೂತು ಹಾಲು ಕುಡ್ಸೋದ್ರಿಂದ್ಲೇ ಜಾಸ್ತಿ ಅಂತ. ಓಟಿಲಿ "ಅಡಿಕೆ ಸುಲಿಯೋಕೆ ಕೂತಂಗೆ ಬೆನ್ನು ಬಗ್ಸಿ" ಅಂದ್ರು ಮಾರಾಯ್ರೆ, ನಗು ಬಂತು, ಅಷ್ಟ್ರಲ್ಲಿ ಸೂಜಿ ಒಳಗೆ. ಕಾಲು ಬೆಚ್ಚಗಾಗಿ ಭಾರ ಆಯ್ತು. ಸ್ಪಿರಿಟ್ ಹತ್ತಿ ಇಟ್ಟು ತಣ್ಣಗಾಗತ್ತಾ ತಣ್ಣಗಾಗತ್ತಾ ಅಂತ ಎದೆ ತನಕ ಮರಗಟ್ಟಿದ್ಯಾ ಚೆಕ್ ಮಾಡಿದ್ಮೇಲೇ ಶುರು ಮಾಡಿದ್ದು. ಮಧ್ಯೆ ಬಿಪಿ ಇಳಿದು ವಾಂತಿ ಬರೋ ಹಂಗಾಯ್ತು, ಹೇಳ್ದೆ, ಡ್ರಿಪ್‌ಗೆ ಏನೋ ಇಂಜೆಕ್ಷನ್ ಹಾಕಿದ್ರು, ಒಂದ್ನಿಮಿಷಕ್ಕೆ ಸರಿಹೋಯ್ತು. ನೋವು ಚೂರೂ ಇಲ್ಲ, ಆದ್ರೆ ಹೊಟ್ಟೆ ಒಳಗೆ ಎಳೆದಾಡೋದು ಗೊತ್ತಾಗತ್ತೆ, ಇದನ್ನ ಯಾರೂ ಮೊದ್ಲು ಹೇಳಿರ್ಲಿಲ್ಲ. ಮೈ ಗಡಗಡ ನಡುಗಿದ್ದೂ ಸೂಜಿದೇ ಕೆಲ್ಸ ಅಂತೆ, ನಾನು ಏಸಿ ಅನ್ಕೊಂಡಿದ್ದೆ.

ಗೋಳು ಇರೋದು ವಾರ್ಡಲ್ಲಿ. ಆಪರೇಷನ್ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಕಾಲಿಗೆ ಜೀವ ಬಂತು, ಹೊಲಿಗೆ ಉರಿಯೂ ಜೊತೆಗೇ ಬಂತು. ಮೂರಕ್ಕೆ ಪ್ಯಾರಾಸಿಟಮಾಲ್ ಡ್ರಿಪ್ ಹಾಕಿದ್ರು. ಆರು ಗಂಟೆಗೊಂದ್ಸಲ ಅಂತ ಚಾರ್ಟಲ್ಲೇ ಬರ್ದಿದೆ, ಒಂಬತ್ತಕ್ಕೆ ಬರ್ಬೇಕಾದ್ದು ಬಂದಿದ್ದು ಹನ್ನೆರಡೂವರೆಗೆ, ಅದೂ ಅಮ್ಮ ಮೂರ್ಸಲ ಕೌಂಟರಿಗೆ ಅಲೆದ್ಮೇಲೆ. "ಸಿಸೇರಿಯನ್ ಅಂದ್ಮೇಲೆ ನೋವು ಇರತ್ತಮ್ಮ, ತಡ್ಕೊಳ್ಳಿ" ಅಂದ್ರು ಸಿಸ್ಟರ್. ಮಗು ಅಳ್ತಿದೆ, ಮಗ್ಗುಲು ಹೊರಳೋಕಾಗ್ತಿಲ್ಲ, ಹಾಲು ಹೆಂಗ್ ಕುಡ್ಸೋದು? ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟ್ರು ಚಾರ್ಟ್ ನೋಡಿ ಸಿಟ್ಟಾದ್ರು, ನೋವು ಏರಿದ್ಮೇಲೆ ಇಳ್ಸೋದು ಕಷ್ಟ, ಟೈಮಿಗೆ ಸರಿಯಾಗಿ ಕೊಡ್ಬೇಕು, ಪ್ಯಾರಾಸಿಟಮಾಲ್ ಡೈಕ್ಲೋಫೆನಾಕ್ ಎಲ್ಲ ಹಾಲು ಕುಡಿಸೋರಿಗೆ ನಡೆಯತ್ತೆ ಅಂತ ಸಿಸ್ಟರ್ ಎದುರಿಗೇ ಹೇಳಿದ್ರು.

ಆಮೇಲೆ ಅಮ್ಮ ಮೊಬೈಲಲ್ಲಿ ಆರು ಗಂಟೆಗೊಂದು ಅಲಾರಂ ಇಟ್ಕೊಂಡ್ರು. ಹೊಡೆದ ತಕ್ಷಣ ಸೆರಗು ಸಿಗ್ಸ್ಕೊಂಡು ಕೌಂಟರಿಗೆ ಹೊರಡೋರು.